ಬಕೆಟ್ಟು ನೆಲ ಮುಟ್ಟುವ ಜಾಗ

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯ ಮೇಲಿನ ಒಂದು ದೊಡ್ಡ ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಬೇಸಿಗೆಯ ಒಂದು ಮಧ್ಯಾಹ್ನ ಊರ ಕಣದಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಗಾಳಿಗೆ ಅದು ಪಕ್ಕದ ಬಣವೆಗೂ ಹಾರಿತು. ಊರಿಗೆ ಊರೇ ಓಡಿ ಬಂತು. ಎಲ್ಲರ ಕೈಯಲ್ಲೂ ಕೊಡ, ಬಿಂದಿಗೆ, ತಪ್ಪಲೆ. ಪ್ರತಿಯೊಬ್ಬರೂ ತಾವೇ ಬಾವಿಗೆ ಓಡುವುದು, ತಾವೇ ಸೇದುವುದು, ತಾವೇ ತಂದು ಎರಚುವುದು. ಬಾವಿಯ ಹತ್ತಿರ ನೂಕುನುಗ್ಗಲು, ದಾರಿಯಲ್ಲಿ ಡಿಕ್ಕಿ, ಅರ್ಧ ನೀರು ಮಣ್ಣಿನ ಪಾಲು. ಬೆಂಕಿ ಆರಿಸುವ ಲಾರಿ ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಕಣದಲ್ಲಿ ಕರಿ ಬೂದಿ ಬಿಟ್ಟು ಏನೂ ಉಳಿದಿರಲಿಲ್ಲ.

ಅದನ್ನು ನೋಡಿ ನನಗೆ ದುಃಖಕ್ಕಿಂತ ಸಿಟ್ಟು ಬಂತು. ಗಂಟೆಗೆ ಏಳುವ, ಗಂಟೆಗೆ ಉಣ್ಣುವ, ಗಂಟೆಗೆ ದೀಪ ಆರಿಸುವ ಹಾಸ್ಟೆಲ್ಲಿನಲ್ಲಿ ಓದಿ ಬಂದವಳು ನಾನು. ಗಲಿಬಿಲಿ ಕಂಡರೆ ಕೂತಲ್ಲಿ ಕೂರಲಾಗುವುದಿಲ್ಲ. ಅಷ್ಟು ಜನ ಓಡಾಡುವ ಬದಲು ಬಾವಿಯಿಂದ ಬೆಂಕಿಯವರೆಗೆ ಒಂದು ಸಾಲು ನಿಂತು ಕೈಯಿಂದ ಕೈಗೆ ನೀರು ಸಾಗಿಸಿದ್ದರೆ ಎರಡನೆಯ ಬಣವೆಯಾದರೂ ಉಳಿಯುತ್ತಿತ್ತು.

ಸಾಲಿನ ಯೋಚನೆ ಪೂರ್ತಿ ನನ್ನದಲ್ಲ. ಬೆಂಕಿ ಬೀಳುವ ಕೆಲವು ತಿಂಗಳ ಹಿಂದೆ ಚಿತ್ರದುರ್ಗದಲ್ಲಿ ಶಿಕ್ಷಕರಿಗೆ ತರಬೇತಿ ನಡೆದಾಗ ಗೋಡೆಯ ಮೇಲೆ ಬಿಳಿ ಪಂಚೆ ಕಟ್ಟಿ ದೂರದ ದೇಶಗಳ ಚಿತ್ರ ತೋರಿಸಿದ್ದರು. ಎಲ್ಲೋ ಭೂಕಂಪ, ಎಲ್ಲೋ ನೆರೆ. ಎಲ್ಲ ಕಡೆಯೂ ಜನ ಸಾಲಾಗಿ ನಿಂತು ಕಲ್ಲನ್ನೋ ಮೂಟೆಯನ್ನೋ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಮಕ್ಕಳಿಗೆ ಆಪತ್ತಿನ ಪಾಠವನ್ನೂ ಜಗತ್ತಿನ ಪ್ರಜೆಯಾಗುವ ಪಾಠವನ್ನೂ ಒಟ್ಟಿಗೇ ಹೇಳಿಕೊಡಿ ಎಂದು ನಮಗೆ ತಿಳಿಸಿ ಕಳಿಸಿದರು. ನಾನು ಬಂದು ಕಪ್ಪು ಹಲಗೆಯ ಮೇಲೆ ಬರೆದೆ: ‘ಜಗತ್ತಿನಲ್ಲಿ ಎಲ್ಲೇ ಆಪತ್ತು ಬಂದರೂ ಅದು ನಮ್ಮದೇ.’ ಒಂಬತ್ತನೇ ತರಗತಿಯ ಹುಡುಗಿಯರು ಇದರ ಬಗ್ಗೆ ಪ್ರಬಂಧ ಬರೆದರು. ಊರಿನ ಕೊಬ್ಬರಿ ವ್ಯಾಪಾರಿಯ ಮಗಳು ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದಳು. ಅದನ್ನು ಇಡೀ ತರಗತಿಗೆ ಓದಿ ಹೇಳಿದೆ.

ಬೆಂಕಿ ಬಿದ್ದ ಮುಂದಿನ ಶನಿವಾರವೇ ಅಭ್ಯಾಸ ಶುರು ಮಾಡಿದೆ. ಶನಿವಾರ ಬೆಳಗಿನ ಶಾಲೆ. ಅದು ಬಿಟ್ಟ ಮೇಲೆ ಹುಡುಗರು ಡ್ರಿಲ್ ಮೇಷ್ಟ್ರ ಪಾಲು, ಹುಡುಗಿಯರು ನನ್ನ ಪಾಲು. ಬಯಲಿನ ಒಂದು ತುದಿಗೆ ಶಾಲೆಯ ಬಾವಿ, ಇನ್ನೊಂದು ತುದಿಗೆ ಒಣ ಎಲೆ, ತೆಂಗಿನ ಗರಿ ರಾಶಿ ಹಾಕಿ ಬೆಂಕಿ ಹಚ್ಚುವುದು. ನಾನು ಗಡಿಯಾರ ನೋಡಿ ಸೀಟಿ ಊದಿದ ಕೂಡಲೇ ಬಕೆಟ್ಟುಗಳು ಕೈಯಿಂದ ಕೈಗೆ ಹೊರಡಬೇಕು. ಹೊರಟವು. ಆದರೆ ಸಾಲಿನ ನಡುವೆ ಒಂದು ಕಡೆ ಪ್ರತಿ ಬಕೆಟ್ಟೂ ತಡೆಯುತ್ತಿತ್ತು. ದೂರದಿಂದ ನೋಡಿದರೆ ಓಡುತ್ತಿರುವ ಹಗ್ಗಕ್ಕೆ ಗಂಟು ಬಿದ್ದ ಹಾಗೆ. ಹತ್ತಿರ ಹೋಗಿ ನಿಂತೆ. ಅಲ್ಲಿ ಬಕೆಟ್ಟು ಕೈಗೆ ಹೋಗುತ್ತಿರಲಿಲ್ಲ. ಒಬ್ಬಳು ನೆಲಕ್ಕಿಡುತ್ತಿದ್ದಳು, ಮುಂದಿನವಳು ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಅವಳೂ ತನ್ನ ಮುಂದಿನವಳಿಗೆ ನೆಲಕ್ಕಿಟ್ಟೇ ಕೊಡುತ್ತಿದ್ದಳು.

ಎತ್ತರದ ಪ್ರಕಾರ ನಿಲ್ಲಿಸಿದ್ದಕ್ಕೆ ಹೀಗಾಯಿತೇನೋ ಎಂದು ಮುಂದಿನ ವಾರ ಹಾಜರಿಯ ಪ್ರಕಾರ ನಿಲ್ಲಿಸಿದೆ. ಗಂಟು ಜಾಗ ಬದಲಾಯಿಸಿತು, ಬಿಚ್ಚಿಕೊಳ್ಳಲಿಲ್ಲ. ಊರಾಚೆಯ ಕೇರಿಯಿಂದ ಬರುತ್ತಿದ್ದ ಒಬ್ಬಳೇ ಹುಡುಗಿ ಎಲ್ಲಿ ನಿಂತರೆ ಅಲ್ಲಿ ಬಕೆಟ್ಟು ನೆಲ ಮುಟ್ಟುತ್ತಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ಬೈದುಕೊಂಡಿರಲಿಲ್ಲ, ಮುಖ ಗಂಟಿಕ್ಕಿರಲಿಲ್ಲ. ಉಸಿರಾಡಿದಷ್ಟು ಸಹಜವಾಗಿ ಇಡುತ್ತಿದ್ದರು, ಎತ್ತುತ್ತಿದ್ದರು.

“ಕೈಗೆ ಕೊಡ್ರೇ,” ಎಂದು ಕೂಗಿದೆ.

“ಕೊಡ್ತಾ ಇದೀವಲ್ಲ ಮೇಡಂ,” ಎಂದರು. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ.

ಮುಂದಿನ ವಾರ ನಾನು ಕೆಲಸದ ಮೇಲೆ ಚಿತ್ರದುರ್ಗಕ್ಕೆ ಹೋಗಬೇಕಾಗಿ ಬಂತು. ಅಭ್ಯಾಸ ತಪ್ಪಬಾರದು, ನೀವೇ ನಿಂತು ನೋಡಿ ಎಂದು ಹೆಡ್‌ಮಾಸ್ಟರಿಗೆ ಹೇಳಿದ್ದೆ. ಹಿರಿಯೂರಿನವರು, ಮೆತ್ತಗಿನ ಮನುಷ್ಯ. ಸೋಮವಾರ ನಗುನಗುತ್ತಾ ಕರೆದರು.

“ಬರ್ರಿ ಮೇಡಂ, ಕುಂತ್ಕಳ್ರಿ. ನಿಮ್ ಸಮಸ್ಯೆ ಬಗೆಹರೀತು. ಆ ಹುಡ್ಗೀನ ಕೊನೇಗೆ ಹಾಕಿದೀನಿ, ಬೆಂಕಿ ಹತ್ರ. ಅವ್ಳು ಎರಚಾದು, ಅಷ್ಟೆ. ಮುಂದಕ್ಕೆ ಯಾರ್ಗೂ ಕೊಡಂಗಿಲ್ಲ. ಏನ್ ಸ್ಪೀಡು ಅಂತೀರಿ! ನಿಮ್ ಗಡಿಯಾರಕ್ಕೂ ಖುಷಿ, ಊರ್ಗೂ ಖುಷಿ.”

ಶನಿವಾರ ನೋಡಿದೆ. ನಿಜ. ಸಾಲು ಎಲ್ಲೂ ತಡೆಯದೆ ಓಡುತ್ತಿತ್ತು. ಕೊನೆಯ ಬಕೆಟ್ಟನ್ನು ಅವಳ ಕಾಲ ಬಳಿ ಇಡುತ್ತಿದ್ದರು, ಅವಳು ಎತ್ತಿ ಎರಚುತ್ತಿದ್ದಳು, ಖಾಲಿಯಾದದ್ದನ್ನು ನೆಲಕ್ಕೆ ಉರುಳಿಸುತ್ತಿದ್ದಳು. ಗುರಿ ತಪ್ಪುತ್ತಿರಲಿಲ್ಲ. ಹೊಗೆಗೆ ಕಣ್ಣು ಕೆಂಪಾಗಿತ್ತು, ಲಂಗದ ಅಂಚಿಗೆ ಕಿಡಿ ಹಾರಿ ಸಣ್ಣ ಸಣ್ಣ ತೂತು ಬಿದ್ದಿದ್ದವು. ಎಲ್ಲರೂ ಹೋದ ಮೇಲೆ ಅವಳು ನನ್ನ ಹಿಂದೆಯೇ ಬಂದಳು.

“ಮೇಡಂ, ಬೆಂಕಿ ಹತ್ರ ವಾರ ವಾರ ನಾನೇ ಯಾಕೆ?”

ಅವಳೇ ಮುಂದುವರಿಸಿದಳು. “ಒಂದಿನ ಬಾವಿ ಹತ್ರಾನೂ ನಿಂತ್ಕತೀನಿ. ಸೇದಾಕೆ ನನ್ಗೂ ಬರ್ತೈತೆ.”

“ನಿಮ್ಮಮ್ಮನಿಗೆ ಹೇಳಿದೀಯಾ?”

“ನಮ್ಮವ್ವ ಬ್ಯಾಡ ಅಂತಾಳೆ. ಅಪ್ಪಂಗೆ ಅವ್ರ ತ್ವಾಟದಾಗೇ ಕೂಲಿ.”

ಅವರು ಎಂದರೆ ಕೊಬ್ಬರಿ ವ್ಯಾಪಾರಿ. ಶಾಲಾ ಸಮಿತಿಯಲ್ಲಿ ಅವರ ಮಾತೇ ಮಾತು. ಶಾಲೆಯ ಬಾವಿಯಿಂದ ಸುತ್ತಲಿನ ಬೀದಿಗಳ ಮನೆಗಳಿಗೂ ಕುಡಿಯುವ ನೀರು ಹೋಗುತ್ತಿತ್ತು. ಅವಳು ಆ ಹಗ್ಗ ಹಿಡಿದರೆ ಏನಾಗುತ್ತದೆ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ವಾರವೆಲ್ಲ ನನಗೆ ನೆಮ್ಮದಿ ಇರಲಿಲ್ಲ. ಪಾಠದ ನಡುವೆ ಸೀಮೆಸುಣ್ಣ ಮುರಿಯುತ್ತಿತ್ತು. ಸಂಜೆ ಮನೆಯಲ್ಲಿ ಅಡುಗೆಗೆ ಒಲೆ ಹಚ್ಚಿ ಮರೆತು ಅಂಗಳದಲ್ಲಿ ಓಡಾಡುತ್ತಿದ್ದೆ. ಒಬ್ಬಳನ್ನು ಆರಿಸಿ ಬಾವಿಗೆ ಕಳಿಸಿದರೆ ಜಗಳ. ಎಲ್ಲರಿಗೂ ಒಂದೇ ನಿಯಮ ಮಾಡಿದರೆ ಜಗಳವಾಡುವುದಕ್ಕೆ ಬಾಯಿ ಬಿಟ್ಟು ಕಾರಣ ಹೇಳಬೇಕಾಗುತ್ತದೆ. ಶುಕ್ರವಾರ ಸೂಚನಾ ಫಲಕಕ್ಕೆ ಚೀಟಿ ಅಂಟಿಸಿದೆ. ಇನ್ನು ಮೇಲೆ ಪ್ರತಿ ಶನಿವಾರ ಸಾಲು ಒಂದೊಂದು ಜಾಗ ಸರಿಯುತ್ತದೆ. ಬೆಂಕಿಯ ಹತ್ತಿರ ಇದ್ದವಳು ಮುಂದಿನ ಸಲ ಬಾವಿಯ ಹತ್ತಿರ.

ಅವತ್ತು ಮಧ್ಯಾಹ್ನವೇ ವ್ಯಾಪಾರಿ ಹೆಡ್‌ಮಾಸ್ಟರ ಕೋಣೆಗೆ ಬಂದು ನನ್ನನ್ನು ಕರೆಸಿದರು. ಕಂಕುಳಲ್ಲಿ ಕೊಡೆ, ಬಾಯ್ತುಂಬಾ ಎಲೆಯಡಿಕೆ.

“ಏನ್ ಮೇಡಮ್ಮೋರೆ, ಚೆನ್ನಾಗಿ ನಡೀತಿತ್ತಲ್ಲ, ಯಾಕ್ ಬದ್ಲಾಯಿಸ್ತೀರಿ? ಆ ಹುಡ್ಗಿ ಗುರಿ ಭಾಳ ಚೆನ್ನಾಗೈತಂತೆ. ಎರಚಾಕೆ ಅವ್ಳೇ ಸರಿ.”

“ಅವಳಿಗೆ ಜ್ವರ ಬಂದ ದಿನ ಬೆಂಕಿ ಬಿದ್ದರೆ ಎರಚುವುದು ಯಾರು? ಎಲ್ಲರಿಗೂ ಎಲ್ಲ ಕೆಲಸ ಬರಬೇಕು.”

“ಹಂಗಂದ್ರೆ ನನ್ ಮಗ್ಳೂ ಬೆಂಕಿ ಹತ್ರ ನಿಂತ್ಕಬೇಕು ಅನ್ನಿ.”

“ಅವಳ ಸರದಿ ಬಂದಾಗ ನಿಲ್ಲುತ್ತಾಳೆ.”

ಹೆಡ್‌ಮಾಸ್ಟರು ಕೆಮ್ಮಿದರು. ವ್ಯಾಪಾರಿ ನಕ್ಕರು. “ಕಾನೂನು ನಮ್ಗೂ ಗೊತ್ತೈತೆ ಕಣಮ್ಮ. ನಾವೇನೂ ಅನ್ನಲ್ಲ. ನೋಡಾಣ ನಾಳೆ.” ಹೆಡ್‌ಮಾಸ್ಟರು ಅವರನ್ನು ಗೇಟಿನವರೆಗೆ ಬಿಟ್ಟು ಬಂದು, “ನಾಳೆ ನಾನು ಹತ್ತರ ಬಸ್ಸಿಗೇ ಹಿರಿಯೂರಿಗೆ ಹೊಂಡ್ತೀನಿ ಮೇಡಂ,” ಎಂದರು.

ಶನಿವಾರ ಸಾಲಿನಲ್ಲಿ ಅರ್ಧಕ್ಕರ್ಧ ಹುಡುಗಿಯರಿಲ್ಲ. ಒಬ್ಬಳಿಗೆ ಹೊಟ್ಟೆನೋವಂತೆ, ಇನ್ನೊಬ್ಬಳ ಮನೆಗೆ ನೆಂಟರಂತೆ. ವ್ಯಾಪಾರಿಯ ಮಗಳು ಮಾತ್ರ ಬಂದಿದ್ದಳು. ಅವಳನ್ನು ಮನೆಯಲ್ಲಿ ಕೂರಿಸಿದರೆ ಕಾರಣ ಹೇಳಿದ ಹಾಗಾಗುತ್ತಿತ್ತು; ಅದು ಅವರಪ್ಪನಿಗೆ ಬೇಕಿರಲಿಲ್ಲ. ಅವರೇ ಬೇಲಿಯಾಚೆ ಕೊಡೆ ಊರಿಕೊಂಡು ನಿಂತಿದ್ದರು. ಹೋದ ವಾರ ಬಾವಿಯ ಹತ್ತಿರ ನಿಂತಿದ್ದ ಈ ಮಗಳು ಒಂದು ಜಾಗ ಸರಿದು ಎರಡನೆಯವಳಾಗಿದ್ದಳು. ಕೇರಿಯ ಹುಡುಗಿ ಬಾವಿಕಟ್ಟೆಯ ಮೇಲೆ.

ಗರಿಗೆ ಬೆಂಕಿ ಹಚ್ಚಿ ಸೀಟಿ ಊದಿದೆ. ರಾಟೆ ಕಿರ್ರೆಂದಿತು. ಹುಡುಗಿ ಸರಸರನೆ ಸೇದಿ, ಬಕೆಟ್ಟಿಗೆ ಸುರಿದು, ಎತ್ತಿ ಮುಂದಕ್ಕೆ ಚಾಚಿದಳು. ನೆಲಕ್ಕಿಡಲಿಲ್ಲ. ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ನಿಂತಳು.

ವ್ಯಾಪಾರಿಯ ಮಗಳು ಕೈ ಚಾಚಲಿಲ್ಲ. ಅವಳು ನೆಲ ನೋಡಿದಳು, ಬಕೆಟ್ಟು ಬಂದು ಕೂರಬೇಕಾಗಿದ್ದ ಜಾಗವನ್ನು. ಆಮೇಲೆ ಬೇಲಿಯ ಕಡೆ ನೋಡಿದಳು. ಅವರಪ್ಪ ರಸ್ತೆಯ ಕಡೆ ಮುಖ ಮಾಡಿಕೊಂಡರು. ಸಾಲು ಅಲ್ಲಾಡಲಿಲ್ಲ. ನನ್ನ ಬಾಯಲ್ಲಿ ಸೀಟಿ ಹಾಗೇ ಇತ್ತು. ಇನ್ನೊಮ್ಮೆ ಊದಿದರೆ ನಾನು ಹೇಳಿದ್ದಕ್ಕೆ ಹಿಡಿದಂತಾಗುತ್ತದೆ. ಊದದಿದ್ದರೆ ಆ ಮಗುವಿನ ತೋಳು ಎಷ್ಟು ಹೊತ್ತು ತಡೆಯುತ್ತದೆ? ಬಕೆಟ್ಟಿನ ಅಂಚಿನಿಂದ ನೀರು ತುಳುಕಿ ಅವಳ ಪಾದದ ಮೇಲೆ ಬೀಳುತ್ತಿತ್ತು.

“ಭಾರ ಐತೆ ಕಣೇ,” ಎಂದಳು, ಬಹಳ ಮೆಲ್ಲಗೆ.

“ಲೇ, ಹಿಡ್ಕಳೇ! ಪ್ರಬಂಧ ಬರ್ಯಾಕೆ ಬರ್ತೈತೆ, ಬಕೆಟ್ ಹಿಡ್ಯಾಕೆ ಬರಲ್ವಾ?” ಸಾಲಿನ ಹಿಂದಿನಿಂದ ಯಾರೋ ಕಿರುಚಿದಳು. ಎರಡು ಮೂರು ಹುಡುಗಿಯರು ಕಿಸಕ್ಕನೆ ನಕ್ಕರು.

ವ್ಯಾಪಾರಿಯ ಮಗಳ ಕಿವಿ ಕೆಂಪಾಯಿತು. ಅವಳು ಕೈ ಚಾಚಿ ಬಕೆಟ್ಟಿನ ತಳ ಹಿಡಿದಳು. ಹಿಡಿಕೆ ಹಿಡಿಯಲಿಲ್ಲ, ಬೆರಳಿಗೆ ಬೆರಳು ತಾಗದ ಹಾಗೆ ನೋಡಿಕೊಂಡಳು. ಅಷ್ಟು ಹೊತ್ತಿಗೆ ರಾಟೆ ಮತ್ತೆ ತಿರುಗಿತ್ತು. ಎರಡನೆಯ ಬಕೆಟ್ಟು ಎದುರಿಗೆ ಬಂದಾಗ ಹಾಗೆ ನೋಡಿಕೊಳ್ಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಬೇಲಿಯಾಚೆ ಕೊಡೆ ಬಿಚ್ಚಿದ ಸದ್ದು ಕೇಳಿಸಿತು. ವ್ಯಾಪಾರಿ ತೋಟದ ದಾರಿ ಹಿಡಿದಿದ್ದರು. ಕೇರಿಯ ಹುಡುಗಿ ಅದನ್ನು ನೋಡಿದಳು, ಹಗ್ಗ ಬಿಡಲಿಲ್ಲ.

ಸಾಲಿನಲ್ಲಿ ಜನ ಕಡಿಮೆ, ನಡುವೆ ಅಂತರ ಜಾಸ್ತಿ. ಪ್ರತಿಯೊಬ್ಬಳೂ ನಾಲ್ಕು ಹೆಜ್ಜೆ ಓಡಿ ಮುಂದಿನವಳ ಕೈಗೆ ಕೊಡಬೇಕಾಯಿತು. ಅಂತೂ ಮೊದಲ ಬಕೆಟ್ಟು ಕೊನೆಯವಳಿಗೆ ತಲುಪಿತು. ಅವಳು ಅದನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಗರಿಯೆಲ್ಲ ಉರಿದು ಬೂದಿಯಾಗಿತ್ತು.

“ಮೇಡಂ, ಆರೋಗೈತೆ. ಹುಯ್ಯಣಾ, ಬ್ಯಾಡ್ವಾ?”

“ಹುಯ್ಯಿ,” ಎಂದೆ. “ಹಿಂದೆ ಇನ್ನೊಂದು ಬರ್ತಾ ಇದೆ, ಜಾಗ ಬಿಡು.”