ತಾರಾಗೆ ನಾನು ಆರಿಸಿದ ಪುಸ್ತಕ

ಪ್ರಮೋದ್, ನಿಮ್ಮ ಮಗಳು ತಾರಾ ನಿಮ್ಮನ್ನು ಕಂಡು ಹೆದರುವಂತೆ ಮಾಡಿದವಳು ನಾನು. ತಿಳಿಯದೆ ಅಲ್ಲ — ತಿಳಿದೇ ಮಾಡಿದೆ. ಮಾಡಿ, ಎಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ನೀವು ನನಗೆ ಮೊದಲಿನಿಂದಲೂ ಬೇಡವಾಗಿದ್ದಿರಿ. ಇದನ್ನು ಮೆತ್ತಗೆ ಮಾಡಿ ಹೇಳುವುದು ನನ್ನಿಂದಾಗದು. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡ ಬಿಟ್ಟು ನಾಸಿಕಕ್ಕೆ ಬಂದವಳು ನಾನು. ನನ್ನ ಮಗಳು ಸುಧಾಳನ್ನು ಒಬ್ಬಳೇ ಬೆಳೆಸಿದೆ. ಆಕೆ ನಿಮ್ಮ ಹೆಸರು ಹೇಳಿದಾಗ ಯಾರೋ ನಮ್ಮಂಥವರೇ ಅಂದುಕೊಂಡಿದ್ದೆ. ಚರ್ಚಿಗೆ ಹೋಗುವ ಮನೆತನ ಎಂದು ಗೊತ್ತಾದದ್ದು ಆಮೇಲೆ. ಮೋಸ ಮಾಡಿದಿರಿ ಎನ್ನಿಸಿತು. ನೀವು ಮೋಸ ಮಾಡಿರಲಿಲ್ಲ, ನಾನೇ ಕೇಳಿರಲಿಲ್ಲ. ಮದುವೆಯಾಗಿ ಆಕೆ ನಿಮ್ಮ ಛತ್ರಪತಿ ಸಂಭಾಜಿನಗರಕ್ಕೆ ಹೋದಳು. ನೀವು ಮರಾಠಿಯವರ ರೂಢಿಯಂತೆ ನನ್ನನ್ನು 'ಆಯಿ' ಎಂದು ಕರೆದಾಗಲೆಲ್ಲ ಮೈ ಉರಿಯುತ್ತಿತ್ತು. ನಿಮ್ಮ ತಾಯಿ ನಾನಲ್ಲ ಎಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತ್ತೋ.

ತಾರಾಗೆ ಆಗ ನಾಲ್ಕು ತುಂಬಿತ್ತು. ಬೇಸಿಗೆಗೆ ನನ್ನ ಹತ್ತಿರ ಬಿಡಲು ಕರೆತಂದವರು, ಶರಣಪುರ ರಸ್ತೆಯ ಪುಸ್ತಕದಂಗಡಿಗೆ ನನ್ನನ್ನೂ ಕರೆದೊಯ್ದಿರಿ. ಮಗುವಿಗೆ ಬೈಬಲ್ಲಿನ ಕಥೆಗಳ ಚಿತ್ರದ ಪುಸ್ತಕ ಬೇಕಿತ್ತು. ಆರಿಸಬೇಕಾದವಳು ನಾನು — ನಾನು! ಸುಧಾಳಿಂದ ಕಲಿತ ನಮ್ಮ ಧಾರವಾಡದ ಕನ್ನಡದಲ್ಲಿ ಹೇಳಿದಿರಿ: "ಇಂಗ್ಲಿಷ್ ಇದ್ರ ಏನಾತು ಆಯಿ, ನೀವು ಕನ್ನಡದಾಗ ಹೇಳ್ರಿ. ಆಕಿಗೆ ದೇವರ ಕಥೀನೂ ತಿಳೀತದ, ನಿಮ್ಮ ಭಾಷಾನೂ ಬರ್ತದ."

ನಿಮ್ಮ ಕೈಯಲ್ಲಿ ಒಂದು ಪುಸ್ತಕವಿತ್ತು. ದಪ್ಪ ಹಾಳೆ, ಗುಂಡು ಮುಖದ ಕುರಿಮರಿಗಳು, ದೋಣಿಯ ಕಿಟಕಿಯಲ್ಲಿ ನಗುವ ಜಿರಾಫೆ. ನನ್ನ ಕೈಗೆ ಸಿಕ್ಕದ್ದು ಬೇರೆ — ದೊಡ್ಡ ಮಕ್ಕಳಿಗೆಂದು ಮಾಡಿದ್ದು. ತಿರುವುತ್ತಾ ಹೋದಂತೆ ಬೆಟ್ಟದ ಚಿತ್ರವೊಂದು ಬಂತು. ಕಟ್ಟಿಗೆಯ ರಾಶಿಯ ಮೇಲೆ ಕೈಕಾಲು ಕಟ್ಟಿ ಮಲಗಿಸಿದ ಹುಡುಗ. ಮೇಲೆ, ಕತ್ತಿ ಎತ್ತಿ ನಿಂತ ಅವನ ಅಪ್ಪ. ಅಪ್ಪನಿಗೆ ಗಡ್ಡವಿತ್ತು, ನಿಮ್ಮ ಹಾಗೆ. ಮುಂದಿನ ಪುಟದಲ್ಲಿ ದೇವರು ಅವನ ಕೈ ತಡೆಯುವುದನ್ನೂ, ಹುಡುಗ ಅಪ್ಪನನ್ನು ತಬ್ಬಿಕೊಳ್ಳುವುದನ್ನೂ ನೋಡಿದೆ. ನೋಡಿಯೇ, "ಇದ ಇರ್ಲಿ" ಎಂದೆ.

ನೀವು ಹಿಂದೆಮುಂದೆ ನೋಡಿದಿರಿ. "ಸಣ್ಣಾಕಿಗೆ ಜಾಸ್ತಿ ಆಗೂದಿಲ್ಲೇನ್ರಿ ಆಯಿ?"

"ನಮ್ಮ ಪುರಾಣದಾಗ ತಲಿ ಕಡಿಯೂ ಚಿತ್ರ ಇರಂಗಿಲ್ಲೇನು? ಅದನ್ನ ನೋಡೇ ನಿಮ್ಮ ಹೆಂಡತಿ ಬೆಳದಾಳ. ಅಂಜಿದ್ಲೇನು?"

ನೀವು ಕುರಿಮರಿಗಳ ಪುಸ್ತಕವನ್ನು ಮರಳಿ ಇಟ್ಟಿರಿ. ಹಿರಿಯಳು ಆರಿಸಿದ್ದು ಎಂದು ಕಣ್ಣಿಗೊತ್ತಿಕೊಂಡು ತಂದಿರಿ.

ಪಂಚವಟಿಯ ನನ್ನ ಮನೆಯಲ್ಲಿ ದಿನವೂ ಮಧ್ಯಾಹ್ನ ಊಟವಾದ ಮೇಲೆ ಕಥೆ. ಆಕೆಗೆ ಓದಲು ಬಾರದು. ನಾನು ಹೇಳಿದ್ದೇ ಕಥೆ, ನಾನು ನಿಲ್ಲಿಸಿದಲ್ಲಿಗೇ ಅದು ಮುಗಿಯುತ್ತಿತ್ತು. ನಾನು ಕತ್ತಿಯ ಚಿತ್ರಕ್ಕೆ ನಿಲ್ಲಿಸಿದೆ. ಒಂದು ದಿನವಲ್ಲ — ಎಷ್ಟೋ ದಿನ. ಹುಡುಗ ಏನು ತಪ್ಪು ಮಾಡಿದ್ದ ಎಂದು ಕೇಳಿದಳು. ಏನೂ ಮಾಡಿರಲಿಲ್ಲ ಎಂದೆ. "ಅವರ ದೇವರು ಕೇಳಿದ್ರ ಅಪ್ಪಂದಿರು ಮಕ್ಕಳನ್ನ ಕೊಟ್ಟಬಿಡ್ತಾರ."

"ಬಾಬಾ ಪಣ?" ಎಂದಳು. ನಮ್ಮ ಅಪ್ಪ ಕೂಡ?

ಆಗ ಒಂದು 'ಇಲ್ಲ' ಎಂದಿದ್ದರೆ ಸಾಕಿತ್ತು. "ಯಾರಿಗೆ ಗೊತ್ತವ್ವ" ಎಂದೆ — ತಲೆ ಸವರುತ್ತಾ.

ಜೂನಿನಲ್ಲಿ ನೀವಿಬ್ಬರೂ ಆಕೆಯನ್ನು ಕರೆದೊಯ್ಯಲು ಬಂದಿರಿ. ನಿಮಗೆ ಸುಮ್ಮನೆ ಕೂತು ಗೊತ್ತಿಲ್ಲ. ಅಡುಗೆಮನೆಯಲ್ಲಿ ಮಾವಿನಹಣ್ಣು ಹೆಚ್ಚುತ್ತಾ ಮಗಳನ್ನು ಕೂಗಿದಿರಿ. ಬಾಗಿಲಿಗೆ ಬಂದವಳು ನಿಮ್ಮ ಕೈ ನೋಡಿದಳು, ಚೀರಿದಳು. ನಿಂತಲ್ಲೇ ಒದ್ದೆ ಮಾಡಿಕೊಂಡು ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು. ಚಾಕು ಹಿಡಿದೇ ನೀವು ಹತ್ತಿರ ಬಂದಿರಿ, ಆಕೆ ಇನ್ನೂ ಜೋರಾಗಿ ಚೀರಿದಳು. ಸುಧಾ ನಿಮ್ಮನ್ನು ಕೇಳಿದಳು: "ನಾ ಇಲ್ಲದಾಗ ನೀ ಆಕಿಗೆ ಏನರೆ ಮಾಡೀಯೇನು?"

ನೀವು ಇಲ್ಲ ಎಂದಿರಿ. ಆಕೆ ನನ್ನತ್ತ ನೋಡಿದಳು.

"ಕೂಸಿಗೆ ಸುಮ್ಮಸುಮ್ಮನ ಅಂಜಿಕಿ ಹುಟ್ಟಂಗಿಲ್ಲ ಬಿಡು," ಎಂದೆ ನಾನು.

ಆ ಹೊತ್ತಿಗೆ ನನಗೆ ಸಂತೋಷವಾಗಿತ್ತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ನಿಮ್ಮ ಮುಖ ಬಿಳಚಿಕೊಂಡದ್ದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗಿತ್ತು. ನನ್ನ ಮಗಳನ್ನು ನೀವು ಕಸಿದಿರಿ, ನಿಮ್ಮ ಮಗಳು ನನ್ನ ಸೆರಗಿಗೆ ಬಂದಳು ಎಂದುಕೊಂಡೆ.

ಮುಂದಿನದು ನಿಮಗೇ ಗೊತ್ತು. ಡಾಕ್ಟರು ನಿಮ್ಮನ್ನು ಹೊರಗೆ ಕೂರಿಸಿ ಮಗುವನ್ನು ಮಾತಾಡಿಸಿದ್ದು, ಆಕೆ ಅತ್ತದ್ದು ಬಿಟ್ಟರೆ ಏನೂ ಹೇಳದೆ ಹೋದದ್ದು. ಸುಧಾ ವರ್ಷಗಟ್ಟಲೆ ಆಕೆಯನ್ನು ನಿಮ್ಮೊಬ್ಬರ ಹತ್ತಿರ ಬಿಡದೆ ಇದ್ದದ್ದು. ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದಿರಿ. ಆಕೆ ಕುರ್ಚಿಯಿಂದ ಇಳಿದು ಓಡುತ್ತಾಳೆಂದು ಅದನ್ನೂ ಬಿಟ್ಟಿರಿ. ಈಗ ಆಕೆಗೆ ಹನ್ನೆರಡು. ಆ ಚಿತ್ರ ನೆನಪಿನಲ್ಲಿ ಇದ್ದಂತಿಲ್ಲ. ಆದರೂ ನಿಮ್ಮ ಸ್ಕೂಟರಿನಲ್ಲಿ ಕೂತಾಗ ನಿಮ್ಮ ಹೆಗಲು ಹಿಡಿಯುವುದಿಲ್ಲ, ಹಿಂದಿನ ಕಂಬಿ ಹಿಡಿಯುತ್ತಾಳೆ.

ಹೋದ ತಿಂಗಳು ನನ್ನ ಕಣ್ಣಿನ ಪೊರೆ ತೆಗೆಸಿದಾಗ ಸುಧಾಗೆ ರಜೆ ಸಿಗಲಿಲ್ಲ, ನೀವು ಬಂದಿರಿ. ಕಣ್ಣಿಗೆ ಹನಿ ಹಾಕುತ್ತಾ, ಯಾರಿಗೋ ಹೇಳುವಂತೆ ಹೇಳಿದಿರಿ: "ತಾರಾ ಸಣ್ಣಾಕಿದ್ದಾಗ ನಾ ಏನೋ ಮಾಡಿರಬೇಕ್ರಿ ಆಯಿ. ನನಗ ನೆನಪಿಲ್ಲ. ಸುಧಾ ಅಂದದ್ದ ಖರೇ ಇರಬೇಕು."

ನಾನು ಕಣ್ಣು ಮುಚ್ಚಿದ್ದೆ. "ಹನಿ ಸಾಕು" ಎಂದೆ. ಅಷ್ಟೇ ಎಂದೆ.

ಮಾಡದ ತಪ್ಪನ್ನು ನೀವು ನಿಮ್ಮದೆಂದು ನಂಬಿಬಿಟ್ಟಿದ್ದೀರಿ — ಇಷ್ಟು ದೂರ ಹೋಗುತ್ತದೆಂದು ನನಗೆ... ಇಲ್ಲ, ಹಾಗೆ ಬರೆಯುವುದಿಲ್ಲ. ದೂರ ಹೋಗಲೆಂದೇ ಮಾಡಿದ್ದೆ.

ಇಷ್ಟೆಲ್ಲ ಬರೆದ ಮೇಲೂ ನಿಮ್ಮ ಮೇಲೆ ನನಗೆ ಮಮತೆ ಹುಟ್ಟಿಲ್ಲ. ನಿಮ್ಮ ಒಳ್ಳೆಯತನ ಕಂಡರೆ ಈಗಲೂ ಸಿಟ್ಟು ಬರುತ್ತದೆ. ಅದಕ್ಕೇ ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ತಾರಾಗೂ ಸುಧಾಗೂ ನಾನೇ ಹೇಳುತ್ತೇನೆ, ನಿಮ್ಮನ್ನು ಎದುರಿಗೆ ಕೂರಿಸಿಕೊಂಡು. 'ಬಿಡ್ರಿ ಆಯಿ, ಹುಡುಗಿಗೆ ಅಜ್ಜಿ ಮ್ಯಾಲ ಮನಸು ಕೆಡ್ತದ' ಎಂದು ಅಡ್ಡ ಬರಬೇಡಿ. ಕೆಡಲಿ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ವಾಪಸು ಟಿಕೆಟ್ಟನ್ನೂ ಅದೇ ದಿನಕ್ಕೆ ತೆಗೆಸಿದ್ದೇನೆ.