ದೊಡ್ಡಮ್ಮ ನೋಡಿ ಬಿಟ್ಟ ರಿವಾಲ್ವರ್

ದೊಡ್ಡಮ್ಮನ ಅಂಗಿಯ ಬಲ ಹೆಗಲು ಮಾತ್ರ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಕೋವಿಯ ಪಟ್ಟಿ ಉಜ್ಜಿ ಉಜ್ಜಿ ಆದದ್ದು. ಅಂಗಿ ದೊಡ್ಡಪ್ಪನದು, ಕೋವಿಯೂ ಅವರದೇ. ಅವರು ತೀರಿಕೊಂಡ ಮೇಲೆ ಬೆಳೆ ಕಾಯುವ ಕೋವಿಯ ಲೈಸೆನ್ಸನ್ನು ಹಟ ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಸೀರೆಯ ಮೇಲೆ ಅಂಗಿ, ಸೊಂಟದಲ್ಲಿ ಕತ್ತಿ ಸಿಕ್ಕಿಸುವ ಕೊಕ್ಕೆ, ಹೆಗಲಲ್ಲಿ ಕೋವಿ. ಗುತ್ತಿಗಾರಿನಲ್ಲಿ ಬಸ್ಸಿಳಿದು ಅವಳ ಮನೆ ಕೇಳಿದರೆ, "ಕೋವಿ ಅಕ್ಕನದಾ?" ಎನ್ನುತ್ತಿದ್ದರು.

ಗಂಡನ ಮನೆ ಬಿಟ್ಟು ಬಂದ ನಾನು ಸೇರಿಕೊಂಡದ್ದು ಅವಳ ಬಳಿಗೆ. ಬಂದವಳು ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾರಿಗೂ ಬೇಡವಾದ ಜೀವ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ದೊಡ್ಡಮ್ಮ ಸಮಾಧಾನ ಹೇಳುವ ಜಾತಿಯವಳಲ್ಲ. "ಅತ್ತು ಆದ ಮೇಲೆ ದನಕ್ಕೆ ಹುಲ್ಲು ಹಾಕು" ಎನ್ನುತ್ತಿದ್ದಳು.

ಮನೆಗೂ ತೋಟಕ್ಕೂ ನೀರು ಬರುವುದು ಕಾಡಿನೊಳಗಿನ ತೊರೆಯಿಂದ, ಕರಿ ಪೈಪಿನಲ್ಲಿ. ಆನೆ ತುಳಿದರೆ ಪೈಪು ಒಡೆಯುತ್ತದೆ, ಯಾರಾದರೂ ಹೋಗಿ ಜೋಡಿಸಲೇಬೇಕು. ದೊಡ್ಡಮ್ಮ ಒಬ್ಬಳೇ ಹೋಗುತ್ತಿದ್ದಳು. ಜೋಡಿಸಲು ಎರಡೂ ಕೈ ಬೇಕು, ಆಗ ಕೋವಿ ಮರಕ್ಕೆ ಒರಗಿರುತ್ತದೆ. ಒಂದು ದಿನ ತಲೆಯೆತ್ತಿ ನೋಡಿದರೆ ಅವಳಿಗೂ ಕೋವಿಗೂ ನಡುವೆ ಒಂಟಿ ಕಾಡುಹಂದಿ ನಿಂತಿತ್ತು. ಹಂದಿಗೆ ಏನು ತೋಚಿತೋ, ತಾನಾಗಿ ಹೋಯಿತು. ದೊಡ್ಡಮ್ಮ ಮನೆಗೆ ಬಂದು ಗಟಗಟ ನೀರು ಕುಡಿದು, "ಸೊಂಟಕ್ಕೆ ಒಂದು ಸಣ್ಣದು ಬೇಕು" ಎಂದಳು.

ಪುತ್ತೂರಿನ ಕೋವಿ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಹಿಂದೆ ಶಿಕಾರಿಯ ಹುಚ್ಚಿದ್ದ ದೊಡ್ಡಪ್ಪ ಕೋವಿಗೆ ಗುಂಡಿನ ತೋಟೆ ಕೊಳ್ಳುತ್ತಿದ್ದುದು ಅಲ್ಲೇ. ಅಂಗಡಿಯ ಬ್ಯಾರಿ ಸಾಹುಕಾರರು, "ಸಣ್ಣದಕ್ಕೆ ಬೇರೆ ಲೈಸೆನ್ಸ್ ಬೇಕಕ್ಕಾ. ಸಿಗುದು ಸುಲಭ ಇಲ್ಲ" ಎಂದರು.

"ಯಾವುದು ಬೇಕೂಂತ ಮೊದಲು ನೋಡ್ತೇನೆ. ಅರ್ಜಿ ಆಮೇಲೆ."

ಅವರು ಎರಡನ್ನು ತೆಗೆದಿಟ್ಟರು. "ಪಿಸ್ತೂಲು ತೆಳು, ಆದ್ರೆ ಕೆಸರು ಹೊಕ್ಕರೆ ಹಟ ಮಾಡ್ತದೆ. ಕಾಡಿಗಾದ್ರೆ ರಿವಾಲ್ವರೇ ಒಳ್ಳೆದು. ಹಂದಿ ಬೀಳ್ತದೆ ಅಂತ ಮಾತ್ರ ನಾನು ಹೇಳುದಿಲ್ಲ. ಶಬ್ದಕ್ಕೆ ಓಡಿದ್ರೆ ನಿಮ್ಮ ಪುಣ್ಯ."

ದೊಡ್ಡಮ್ಮ ಗುಂಡಿಲ್ಲದ ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ನಡುವೆಯೇ ಕುಕ್ಕರಗಾಲಿನಲ್ಲಿ ಕೂತು, ಇಲ್ಲದ ಪೈಪನ್ನು ಎರಡೂ ಕೈಯಲ್ಲಿ ಹಿಡಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಅವಳು ಕೂತಲ್ಲಿಂದಲೇ ಕೇಳಿದಳು: "ಪೈಪ್ ಹಿಡಿವಾಗ ನನ್ನ ಬೆನ್ನು ಕಾಡಿನ ಕಡೆಗೆ ಇರ್ತದೆ ಸಾಹುಕಾರ್ರೆ. ಹಂದಿ ಬಂದದ್ದು ಗೊತ್ತಾಗುದು ಹೇಗೆ? ಇದಕ್ಕೆ ಕಣ್ಣುಂಟಾ?"

"ಕಣ್ಣಿರುವ ರಿವಾಲ್ವರ್ ಇನ್ನೂ ಬರ್ಲಿಲ್ಲ ಮಾರಾಯ್ರೆ!" ಸಾಹುಕಾರರು ನಕ್ಕರು.

ದೊಡ್ಡಮ್ಮ ನಗಲಿಲ್ಲ. ರಿವಾಲ್ವರನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಕೈ ತೋರಿಸಿದಳು. "ಇವಳಿಗೆ ಉಂಟು. ಒಳಗೆ ಕೂತು ಅಳ್ಲಿಕ್ಕೆ ಸುಮ್ಮನೆ ಖರ್ಚಾಗ್ತಾ ಉಂಟು."

ಮರುದಿನದಿಂದ ನಾನು ಕಾವಲು. ಎಲೆ ಅಲ್ಲಾಡಿದರೂ ಕೂಗುತ್ತಿದ್ದೆ. ಮಂಗಕ್ಕೆ ಕೂಗಿದೆ, ಕಾಡುಕೋಳಿಗೆ ಕೂಗಿದೆ, ಒಮ್ಮೆ ನಮ್ಮದೇ ದನಕ್ಕೂ ಕೂಗಿದೆ. ಪ್ರತಿಸಲವೂ ಅವಳು ಪೈಪು ಬಿಟ್ಟು ಕೋವಿ ಹಿಡಿದು ಎದ್ದಳು, ಒಂದು ಸಲವೂ ಬೈಯಲಿಲ್ಲ. ಕೊನೆಗೊಂದು ದಿನ ನಿಜವಾಗಿಯೂ ಹಂದಿ ಬಂತು. ಕೂಗಿದೆ. ದೊಡ್ಡಮ್ಮ ಎದ್ದು ಆಕಾಶಕ್ಕೆ ಗುಂಡು ಹಾರಿಸಿದಳು, ಹಂದಿ ಪೊದೆ ಮುರಿದು ಓಡಿತು. "ಅದರ ಮುಖ ಸರೀ ನೋಡಿದ್ಯಾ? ಇನ್ನು ಯಾರ ಮುಖಕ್ಕೂ ನೀನು ಹೆದರುದು ಬೇಡ" ಎಂದಳು. ಆಮೇಲೆ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಇಬ್ಬರೂ ಮನೆಗೆ ಬಂದೆವು.

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡಳು, ತನ್ನ ಹಾಸಿಗೆಯಲ್ಲಿ, ನಿದ್ದೆಯಲ್ಲಿ. ತೋಟವನ್ನು ಈಗ ನಾನೇ ನೋಡಿಕೊಳ್ಳುತ್ತೇನೆ, ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ. ಈ ಬದುಕು ಅವಳು ಕೊಟ್ಟದ್ದು. ನನ್ನ ಮೇಲೆ ನನಗೇ ನಂಬಿಕೆಯಿಲ್ಲದ ಕಾವಲಿನ ಆ ಮೊದಲ ದಿನವೂ, ಕಾಡಿಗೆ ಬೆನ್ನು ಹಾಕಿ ಕೂತ ದೊಡ್ಡಮ್ಮ, ನಾನು ಕಾಯುತ್ತಿದ್ದೇನೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.