ಕ್ಯಾಮೆರಾ ನೋಡದ ಬಸ್‌ಸ್ಟಾಪಕ್ಕ

ಸಿನಿಮಾದವರೆಲ್ಲ ಅವಳನ್ನು ಬಸ್‌ಸ್ಟಾಪಕ್ಕ ಎಂದೇ ಕರೆಯುತ್ತಿದ್ದರು. ನಾಯಕಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಾಳಲ್ಲ, ಆ ಹೆಂಗಸು ಇವಳೇ. ಆಸ್ಪತ್ರೆಯ ವರಾಂಡದಲ್ಲಿ ನರ್ಸು, ಕೋರ್ಟಿನ ಹಿಂದಿನ ಬೆಂಚಿನಲ್ಲಿ ಯಾರದೋ ದೊಡ್ಡಮ್ಮ, ಸಾವಿನ ಮನೆಯಲ್ಲಿ ಕರ್ಚೀಫು ಬಾಯಿಗಿಟ್ಟವಳು, ಎಲ್ಲ ಇವಳೇ. ಮೂವತ್ತು ವರ್ಷಕ್ಕೂ ಮಿಕ್ಕಿ ತೆರೆಯ ಮೇಲಿದ್ದರೂ ಒಂದು ಮಾತೂ ಆಡಿದವಳಲ್ಲ. ಹಾಗಂತ ಕೊರಗೂ ಇರಲಿಲ್ಲ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಟಿ ಎಂದೇ ಹೇಳುತ್ತಿದ್ದಳು, ಅದೂ ತಲೆ ಎತ್ತಿಕೊಂಡು. ಮತ್ತೇನು, ಸುಳ್ಳೇ?

ಆ ಕೆಲಸವನ್ನು ಹಗುರವಾಗಿ ಆಡಿಕೊಳ್ಳುವವರು ಒಂದು ದಿನ ಮಾಡಿ ನೋಡಲಿ. ಒಂದೇ ನಡಿಗೆಯನ್ನು ಹತ್ತಾರು ಸಲ ನಡೆಯಬೇಕು, ಚೀಲ ಪ್ರತಿಸಲವೂ ಅದೇ ಕೈಯಲ್ಲಿರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಪ್ಪಣೆ, ಕ್ಯಾಮೆರಾ ನೋಡಕೂಡದು. ಮೊದಲ ದಿನ ಏನೂ ತಿಳಿಯದೆ ನೋಡಿಬಿಟ್ಟಿದ್ದಳು. ಇನ್ನೊಂದು ಸಲ ಕಣ್ಣು ಇತ್ತ ಬಂದರೆ ಸೀದಾ ಮನೆಗೆ ಹೋಗು ಎಂದು ಆಗಿನ ಕ್ಯಾಮೆರಾಮನ್ ಎಲ್ಲರೆದುರು ನೀರಿಳಿಸಿದ್ದ. ಆಮೇಲೆ ಜಪ್ಪಯ್ಯ ಎಂದರೂ ಅವಳು ಆ ಕಡೆ ನೋಡಲಿಲ್ಲ.

ಆ ಅಭ್ಯಾಸ ಮನೆಗೂ ಬಂತು. ಮಗಳ ಮದುವೆಯ ಆಲ್ಬಮ್ ತೆಗೆದರೆ ಒಂದು ಫೋಟೋದಲ್ಲಿ ಇವಳು ಫ್ಯಾನು ನೋಡುತ್ತಿದ್ದಾಳೆ, ಇನ್ನೊಂದರಲ್ಲಿ ಬಾಗಿಲು. ಈ ಸಂಬಂಧ ಆಕೆಗೆ ಇಷ್ಟವಿಲ್ಲವೇನೋ ಎಂದು ಬೀಗರು ಮುಖ ಊದಿಸಿಕೊಂಡಿದ್ದರು. ಸಮಾಧಾನ ಮಾಡುವಷ್ಟರಲ್ಲಿ ಮಗಳಿಗೆ ಸಾಕುಸಾಕಾಯಿತು. ಅಳಿಯ ಮಾತ್ರ ಇಂದಿಗೂ ಅದನ್ನು ಹಿಡಿದುಕೊಂಡು ಅತ್ತೆಯ ಕಾಲೆಳೆಯುತ್ತಾನೆ.

ಅಂಥವಳಿಗೆ ಒಬ್ಬ ಎಳೆಯ ನಿರ್ದೇಶಕ ಮಾತಿರುವ ಪಾತ್ರ ಕೊಟ್ಟ. ವರ್ಷಗಟ್ಟಲೆ ಆಸ್ಪತ್ರೆಯ ನೆಲ ಒರೆಸಿದ ಹೆಂಗಸು. ಕೊನೆಗೊಂದು ದಿನ ಅಲ್ಲಿನ ದೊಡ್ಡ ಡಾಕ್ಟರು ನೀವು ಯಾರು ಎಂದು ಕೇಳುತ್ತಾರೆ. ಅವಳು ತಿರುಗಿ, ನೆಟ್ಟಗೆ ಕ್ಯಾಮೆರಾವನ್ನೇ ನೋಡಿ ಹೇಳಬೇಕು: "ನಾನು ಇಲ್ಲೇ ಇದ್ದೆ. ನೀವು ನೋಡ್ಲಿಲ್ಲ, ಅಷ್ಟೆ." ಸಿನಿಮಾ ಮುಗಿಯುವುದೇ ಆ ಮಾತಿನಿಂದ. ವಾರವಿಡೀ ಅವಳು ಅದನ್ನು ಒಲೆಗೆ ಹೇಳಿದಳು, ಕನ್ನಡಿಗೆ ಹೇಳಿದಳು, ಊಟಕ್ಕೆ ಕೂತ ಅಳಿಯನಿಗೂ ಹೇಳಿದಳು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಚಿತ್ರೀಕರಣದ ದಿನ ಮಾತು ತಡೆಯಿಲ್ಲದೆ ಬಂತು. ಕಣ್ಣು ಮಾತ್ರ ಜಾರಿ ಗೋಡೆಯ ಸ್ವಿಚ್ ಬೋರ್ಡಿಗೆ ಹೋಯಿತು. ಮತ್ತೆ ತೆಗೆದರು, ಮತ್ತೆ ಸ್ವಿಚ್ ಬೋರ್ಡು. ಹಿಂದೆ ರೋಗಿಗಳಾಗಿ ಕೂತಿದ್ದ ಅವಳ ಹಳೆಯ ಜೊತೆಗಾರ್ತಿಯರು ಉಸಿರು ಬಿಗಿಹಿಡಿದಿದ್ದರು. ತಾಯಿಯ ಪಾತ್ರಕ್ಕೆ ಹೆಸರಾದ ನಟಿಯೊಬ್ಬರು ಪಕ್ಕದ ಸೆಟ್‌ನಲ್ಲಿ ಬಿಡುವಾಗಿದ್ದಾರೆ, ಕರೆಸಲೇ ಎಂದು ಮ್ಯಾನೇಜರ್ ಬಂದು ನಿರ್ದೇಶಕನ ಕಿವಿ ಕಚ್ಚಿದ.

ನಿರ್ದೇಶಕ ಹತ್ತಿರ ಬಂದ. "ಇನ್ನೊಂದು ಸಲ ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಅವರನ್ನ ಕರೆಸ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಅವಳಿಗೆ ಸಿಟ್ಟು ಬಂತು, ತನ್ನ ಕಣ್ಣುಗಳ ಮೇಲೇ. ಇಷ್ಟು ವರ್ಷಕ್ಕೆ ಬಂದ ಪಾತ್ರ ಕೈಬಿಟ್ಟು ಹೋಗುತ್ತಿದೆ, ಇವಕ್ಕೆ ಸ್ವಿಚ್ ಬೋರ್ಡು ಬೇಕಂತೆ! ಸರಸರನೆ ನಡೆದು ಕ್ಯಾಮೆರಾದ ಎದುರು ನಿಂತಳು. ಒಮ್ಮೆ ನೋಡಲೇ ಎಂದು ಕ್ಯಾಮೆರಾಮನ್‌ನನ್ನು ಕೇಳಿ, ಬಗ್ಗಿ ಗಾಜಿನೊಳಗೆ ಇಣುಕಿದಳು. ಒಳಗೆ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಒಂದು ಮುಖ, ಅವಳದೇ. ಅಯ್ಯೋ, ಇಷ್ಟು ವರ್ಷ ಹೆದರಿದ್ದು ಇವಳಿಗೇ?

ಹಿಂತಿರುಗಿ ತನ್ನ ಜಾಗದಲ್ಲಿ ನಿಂತಳು. ಡಾಕ್ಟರು ಕೇಳಿದರು. ಅವಳು ತಿರುಗಿದಳು, ನೆಟ್ಟಗೆ ನೋಡಿದಳು, ಹೇಳಿದಳು. ನಿರ್ದೇಶಕನಿಗೆ ಕಟ್ ಎನ್ನುವುದೇ ಮರೆತುಹೋಯಿತು.

ಆಮೇಲೆ ಮಾನಿಟರ್ ನೋಡಿ ಅವನು ತಲೆ ಕೆರೆದುಕೊಂಡ. "ತುಂಬಾ ಚೆನ್ನಾಗಿ ಬಂತಮ್ಮ. ಆದ್ರೆ ಹಿಂದಿರೋರೆಲ್ಲ ತಮ್ಮ ಕೆಲಸ ಮರೆತು ನಿಮ್ಮನ್ನೇ ನೋಡ್ತಿದ್ದಾರೆ. ಇನ್ನೊಂದು ತೆಗೀಬೇಕು."

ಯಾವ ನಿರ್ದೇಶಕನಿಗೂ ಎಂದೂ ಎದುರಾಡದಿದ್ದವಳು ನಿಂತಲ್ಲಿಂದ ಕದಲಲಿಲ್ಲ.

"ನೋಡ್ಲಿ ಬಿಡಪ್ಪ," ಎಂದಳು. "ಅದೇ ಇರ್ಲಿ."

ನಿರ್ದೇಶಕ ಅವಳ ಮುಖ ನೋಡಿದ, ಮಾನಿಟರ್ ನೋಡಿದ. ಸಿನಿಮಾದಲ್ಲಿ ಇರುವುದು ಅದೇ.